ಹುಣಸೆಮರಕ್ಕೆ ಸುತ್ತಿದ ತಗಡು

ಸಂಕ್ರಾಂತಿ ಕಳೆದು, ಹೊಲದಲ್ಲಿ ಬಿಳಿಜೋಳ ಹಾಲುಗಟ್ಟುವ ಕಾಲ. ಬಳ್ಳಾರಿಯ ಕೋಟೆ ಕೆಳಗಿನ ಓಣಿಯಲ್ಲಿ ಶಾಬುದ್ದೀನ್ ತನ್ನ ತಗಡಿನ ಅಂಗಡಿಯ ಹಲಗೆ ತೆಗೆಯುವ ಹೊತ್ತಿಗೆ ವರದಾ ಬಂದು ನಿಂತಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ; ಗಿಳಿಗಳ ಬೆನ್ನು ಹತ್ತಿ ಕುರುಗೋಡು, ಸಿರುಗುಪ್ಪ ಎಂದು ಬಿಸಿಲಲ್ಲಿ ಅಲೆಯುವವಳು.

“ಚಾಚಾ, ಗಿಡಕ್ಕ ತಗಡು ಸುತ್ತಿ ಕೊಡ್ತೀರೇನ್ರಿ?”

ಒಳಗಿನಿಂದ ಅವನ ಹೆಂಡತಿ ಶಾಹಜಾನಬಿಯೇ ಮೊದಲು ಉತ್ತರ ಕೊಟ್ಟಳು. “ಗಿಡಕ್ಕ? ನಮ್ಮನಿ ಮಾಳಗಿ ಸೋರಾಕತ್ತಿ ಎರಡು ಮಳಿಗಾಲ ಆತು, ಅದಕ್ಕ ತಗಡಿಲ್ಲ ಈ ಮನುಷ್ಯಾನ ಹತ್ರ. ಗಿಡಕ್ಕ ಹಾಕ್ತಾನ, ಕೇಳ್ರಿ ಕೇಳ್ರಿ.”

ವರದಾ ನಗುತ್ತಲೇ ವಿಷಯ ಹೇಳಿದಳು. ಕುರುಗೋಡಿನಿಂದ ಸಿರಿಗೇರಿ ಕಡೆ ಹೋಗುವ ರಸ್ತೆಯ ಹಳೆಯ ಹುಣಸೆಮರಗಳ ಪೊಟರೆಗಳಲ್ಲಿ ಗಿಳಿಗಳು ಮೊಟ್ಟೆ ಇಡುತ್ತವೆ. ರಸ್ತೆ ಅಗಲವಾದಾಗ ಅರ್ಧಕ್ಕರ್ಧ ಮರ ಹೋದವು. ಉಳಿದವಕ್ಕೆ ಕೇರೆಹಾವು ಹತ್ತುತ್ತದೆ, ಬೆಕ್ಕು ಹತ್ತುತ್ತದೆ. ಕೆಲವು ವರ್ಷಗಳಿಂದ ಅಲ್ಲಿ ಒಂದು ಮರಿಯೂ ರೆಕ್ಕೆ ಬಲಿತು ಹಾರಿಲ್ಲ. ಇರುವುದೆಲ್ಲ ಮುದಿ ಗಿಳಿಗಳು. ಈ ಸಲವೂ ಮರಿ ಉಳಿಯದಿದ್ದರೆ ಆ ಸಾಲಿನಲ್ಲಿ ಮುಂದೆ ಗಿಳಿಯೇ ಇರುವುದಿಲ್ಲ. ಕಾಂಡಕ್ಕೆ ನುಣ್ಣನೆಯ ತಗಡು ಸುತ್ತಿದರೆ ಹತ್ತುವ ಪ್ರಾಣಿ ಜಾರುತ್ತದೆ.

ಶಾಬುದ್ದೀನನಿಗೆ ಆ ಸಾಲು ಗೊತ್ತಿತ್ತು. ಚಿಕ್ಕವನಿದ್ದಾಗ ಅಪ್ಪನ ಹಿಂದೆ ಡಬ್ಬಿ ಹೊತ್ತು ಹಳ್ಳಿಗಳಿಗೆ ಮಾರಲು ಹೋಗುವಾಗ, ಆ ಮರಗಳ ಕೆಳಗೆ ಮಾತಾಡಬೇಕಾದರೆ ಕೂಗಬೇಕಿತ್ತು. ಅಷ್ಟು ಗಿಳಿ.

“ಹಳೇ ಎಣ್ಣಿ ಡಬ್ಬಿ ಕೊಯ್ದು ಹಾಕಿದ್ರೂ ನಡಿತೈತಿ ಚಾಚಾ.”

“ಡಬ್ಬಿ ನಡಿತೈತಿ. ಆದ್ರ ಮಂಕ ತಗಡು ನನ್ನ ಕೈದಾಗಿಂದ ಹೊರಗ ಹೋಗಂಗಿಲ್ಲ, ವರದಮ್ಮ.”

ಅದು ಆ ಮನೆತನದ ಪದ್ಧತಿ. ಅಜ್ಜ, ಅಪ್ಪ ಏನೇ ಮಾಡಲಿ, ಕೊನೆಗೆ ಒಲೆಬೂದಿ ಹಾಕಿ ತಿಕ್ಕಿ, ಅದರಲ್ಲಿ ಮುಖ ಕಂಡ ಮೇಲೆಯೇ ಗಿರಾಕಿಯ ಕೈಗೆ ಕೊಡುತ್ತಿದ್ದರು. ಶಾಬುದ್ದೀನನೂ ಡಬ್ಬಿಯ ಬಣ್ಣ ಕೆರೆದ, ಅಂಚು ಮಡಚಿದ, ತೋಳು ಸೋಲುವವರೆಗೆ ತಿಕ್ಕಿದ. ಮರಕ್ಕೆ ನೋಯಬಾರದೆಂದು ಮೊಳೆ ಹೊಡೆಯದೆ ತಂತಿ ಬಿಗಿದ. ಗೂಡಿದ್ದ ಮರಗಳನ್ನು ವರದಾ ತೋರಿಸುತ್ತ ಹೋದಳು, ಅವನು ಸುತ್ತುತ್ತ ಹೋದ. ಸಂಜೆ ಇಬ್ಬರೂ ರಸ್ತೆಯಾಚೆ ದೊಡ್ಡಬಸಮ್ಮನ ಮಿರ್ಚಿ ಅಂಗಡಿಯಲ್ಲಿ ಚಹಾ ಕುಡಿಯುತ್ತ ಮರಗಳನ್ನೇ ನೋಡಿದರು.

“ಗಿಡದ ನಡಕ್ಕ ಬೆಳ್ಳಿ ಡಾಬು ಹಾಕಿದಂಗ ಕಾಣ್ತೈತಿ,” ಎಂದಳು ದೊಡ್ಡಬಸಮ್ಮ. “ನನ್ನ ಮದುವ್ಯಾಗೂ ಇಂಥಾದ್ದು ಹಾಕಲಿಲ್ಲ ನಮ್ಮಪ್ಪ.”

ಹಾವು ಹತ್ತಲಿಲ್ಲ. ಬೆಕ್ಕು ಹತ್ತಲಿಲ್ಲ. ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಪೊಟರೆಗಳ ಬಾಯಲ್ಲಿ ಮರಿಗಳ ಮುಖ ಕಾಣಿಸಿತು. ವರದಾ ಫೋನಿನಲ್ಲಿ ಫೋಟೊ ತೋರಿಸಿದಾಗ ಶಾಹಜಾನಬಿ ಕಣ್ಣಿಗೆ ಹತ್ತಿರ ಹಿಡಿದು, “ಎಷ್ಟ ಕುರೂಪಿ ಅದಾವಲ್ಲೇ ನನ ಕಂದಗಳು,” ಎಂದು ನಕ್ಕಳು.

ಮರಿ ಹಾರಲು ಇನ್ನು ವಾರವಿದೆ ಎನ್ನುವಾಗ ಬೆಳಿಗ್ಗೆ ವರದಾಳ ಫೋನು ಬಂತು. ಅಳುವುದಷ್ಟೇ ಕೇಳಿಸಿತು. ಮೊದಲು ಸಿಕ್ಕ ಬಸ್ಸನ್ನೇ ಶಾಬುದ್ದೀನ್ ಹತ್ತಿದ.

ತಗಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಏಣಿ ಹಾಕಿದ್ದರು. ಕೈ ಒಳಗೆ ಹೋಗಲೆಂದು ಪೊಟರೆಗಳ ಬಾಯನ್ನು ಕೊಡಲಿಯಿಂದ ಸೀಳಿದ್ದರು. ಮರಿ ಒಂದೂ ಇರಲಿಲ್ಲ.

“ರಾತ್ರಿ ಬೈಕಿನ್ಯಾಗ ಬಂದಿದ್ರಂತ, ಬುಟ್ಟಿ ತಂದಿದ್ರಂತ. ಮಾರಾಕ,” ಎಂದಳು ದೊಡ್ಡಬಸಮ್ಮ. ಆಮೇಲೆ ಅವನ ಮುಖ ನೋಡದೆ, “ಬ್ಯಾಸರ ಮಾಡ್ಕೋಬ್ಯಾಡ ಶಾಬಣ್ಣ. ದಿನಾ ಇಲ್ಲೇ ಕೂಡಾಕಿ ನಾನು, ನನಗ ಸುದ್ದಾ ಯಾವ ಗಿಡದಾಗ ಮರಿ ಅದಾವಂತ ಗೊತ್ತಿದ್ದಿಲ್ಲ. ನಿನ್ನ ತಗಡು ಅಷ್ಟು ದೂರದಿಂದ ಫಳಫಳ ಅಂತಿತ್ತು. ನೋಡಿದವ್ರಿಗೆಲ್ಲ ಗೊತ್ತಾತು.”

ಅವನು ಸಾಲಿನ ತುದಿಯವರೆಗೆ ನಡೆದು ನೋಡಿದ. ತಗಡಿಲ್ಲದ ಮರವನ್ನು ಯಾರೂ ಮುಟ್ಟಿರಲಿಲ್ಲ.

“ಸುತ್ಸಿದ್ದು ನಾನು, ಚಾಚಾ,” ಎಂದಳು ವರದಾ.

“ತಿಕ್ಕಿದ್ದು ನಾನವ್ವ. ಮಂಕ ಇದ್ದಿದ್ರ ಯಾರು ನೋಡ್ತಿದ್ರು?”

ಅವಳು ಹತ್ತಿರದ ಮರದ ತಂತಿ ಬಿಚ್ಚತೊಡಗಿದಳು.

ಇಬ್ಬರೂ ಸೇರಿ ಎಲ್ಲ ತಗಡುಗಳನ್ನೂ ಬಿಚ್ಚಿದರು. ದೊಡ್ಡ ಗಿಳಿಗಳು ಮಾತ್ರ ಹೋಗಿರಲಿಲ್ಲ. ಹೊಲದಲ್ಲಿ ಮೇಯ್ದು ಬಂದು, ಮರಿಗೆ ಕಕ್ಕಿ ಉಣಿಸಲು ಸೀಳಿದ ಬಾಯಿಗೆ ಜೋತುಬಿದ್ದು ಒಳಗೆ ಇಣುಕುತ್ತಿದ್ದವು. ಕೂಗುತ್ತಿದ್ದವು. ಸುತ್ತು ಹಾಕಿ ಮತ್ತೆ ಇಣುಕುತ್ತಿದ್ದವು. ಶಾಬುದ್ದೀನ್ ಅಂಗಡಿ ಮುಚ್ಚಿ ದಿನಾ ಬಂದು ಕೆಳಗೆ ಕೂತ.

“ಬರೋ ವರ್ಷ ಇಡ್ತಾವೇನವ್ವ?”

“ಸೀಳಿದ ಪೊಟರ್ಯಾಗ ಇಡಂಗಿಲ್ಲ ಚಾಚಾ. ಇಂಥಾ ಪೊಟರಿ ಆಗಾಕ ಗಿಡಕ್ಕ ನೂರು ವರ್ಷ ಬೇಕು.”

ಜೋಡಿಗಳು ಒಂದೊಂದೇ ಕಡಿಮೆಯಾದವು. ಕಡೆಗೆ ಉಳಿದ ಜೋಡಿ ಶುಕ್ರವಾರ ಬೆಳಿಗ್ಗೆ ಸಿರುಗುಪ್ಪದ ಹೊಳೆ ಕಡೆಗೆ ಹಾರಿ ಹೋಯಿತು. ಸಂಜೆಗೆ ತಿರುಗಿ ಬರಲಿಲ್ಲ.