ಹಿಂದಿನ ಸೀಟಿನ ಮಾತು

ನಮ್ಮ ಯಜಮಾನರು ಶೋರೂಮಿನಲ್ಲಿ ಕಾರಿನ ಹಿಂದಿನ ಸೀಟು ಮಡಚಿಸಿ, ಡಿಕ್ಕಿ ಕಡೆಯಿಂದ ಹತ್ತಿ, ಉದ್ದಕ್ಕೆ ಮಲಗಿಬಿಟ್ಟಾಗ ನನಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಸುತ್ತ ಗಾಜಿನ ಗೋಡೆ, ಮುಖ ಕಾಣೋ ಅಂಥ ನೆಲ. ಪಕ್ಕದ ಕಾರು ನೋಡೋಕೆ ಬಂದಿದ್ದ ಗಂಡ ಹೆಂಡತಿ ತಮ್ಮ ಕಾರು ಬಿಟ್ಟು ಇವರನ್ನೇ ನೋಡ್ತಾ ನಿಂತರು. ಇವರಿಗೆ ಅದ್ಯಾವುದರ ಪರಿವೆಯೂ ಇಲ್ಲ. ಎದೆ ಮೇಲೆ ಕೈ ಇಟ್ಟುಕೊಂಡು ಕಾರಿನ ಚಾವಣಿ ನೋಡ್ತಿದ್ದಾರೆ.

"ಏಳ್ರೀ, ಇದ್ದ ಮಾನಾನೂ ಕಳೀಬೇಡಿ," ಅಂದೆ ಹಲ್ಲು ಕಚ್ಚಿಕೊಂಡು.

"ತಾಳೇ. ಪಾದ ಬಾಗಿಲಿಗೆ ತಾಗುತ್ತಾ ನೋಡು."

ತಾಗ್ತಿರಲಿಲ್ಲ. ಸೇಲ್ಸಿನವನು ನಗು ತಡೆಯೋಕೆ ಟೈ ಸರಿಮಾಡಿಕೊಂಡ. ಇದು ಮಿಡ್‌ಸೈಜ್ ಫ್ಯಾಮಿಲಿ ಕ್ರಾಸ್‌ಓವರ್, ದೂರದ ಪ್ರವಾಸದಲ್ಲಿ ಮಕ್ಕಳು ಹೀಗೇ ಮಲಗಿಕೊಂಡು ಹೋಗಬಹುದು ಅಂತ ಶುರು ಮಾಡಿದ. ನಮಗೆ ಮಕ್ಕಳಿಲ್ಲ. ಇವರು ಮಲಗಿದಲ್ಲಿಂದಲೇ ಅವನ ಮಾತು ಅರ್ಧಕ್ಕೆ ತಡೆದರು.

"ಅದೆಲ್ಲಾ ಇರಲಿ. ನಾನು ಹೀಗೆ ಮಲಗಿರೋವಾಗ ನನ್ನ ಪಕ್ಕದಲ್ಲಿ ಒಬ್ಬರು ಕೂರೋಕೆ ಆಗುತ್ತಾ? ನಮ್ಮಮ್ಮ, ವಯಸ್ಸಾದೋರು. ಮಂಡಿ ಬಗ್ಗಲ್ಲ."

ಕೂರಬಹುದು, ಒಂದು ಸೀಟು ಹಾಗೇ ಬಿಟ್ಟು ಉಳಿದದ್ದನ್ನು ಮಡಚಬಹುದು ಅಂತ ಅವನು ತೋರಿಸಿದ. ಆಗ ನನಗೆ ಅರ್ಥವಾಯಿತು, ಇವರು ಏನನ್ನು ಅಳತೆ ನೋಡ್ತಿದ್ದಾರೆ ಅಂತ. ಬಂದಿದ್ದ ಸಿಟ್ಟೆಲ್ಲ ಎಲ್ಲಿಗೋ ಇಳಿದುಹೋಯಿತು. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ಸುಮ್ಮನೆ ತಿರುಗಿಸ್ತಾ ನಿಂತೆ.

ಇವರ ಹೃದಯ ಸೋತುಹೋಗಿತ್ತು. ಡಾಕ್ಟರು ಹೇಳಿದ್ದು ಇಷ್ಟೇ: ಪಂಪು ದುರ್ಬಲ, ಭಾರದ ಕೆಲಸ ಬೇಡ, ಬಿಸಿಲು ಬೇಡ, ಸ್ಟೇರಿಂಗ್ ಮುಟ್ಟಬೇಡಿ. ಹಿಂದಿನ ಸಲ ಉಸಿರು ಕಟ್ಟಿದಾಗ ಆಂಬುಲೆನ್ಸಿಗೆ ಫೋನು ಮಾಡಿ ಮಾಡಿ ನನ್ನ ಬೆರಳು ಸವೆದವು. ಬಂದ್ವಿ, ಬಂದ್ವಿ ಅಂತಲೇ ಇದ್ದರು ಪುಣ್ಯಾತ್ಮರು. ಕೊನೆಗೆ ಹಾಲಿನ ಗಾಡಿಯವನು ಕ್ಯಾನುಗಳ ಮಧ್ಯೆ ಜಾಗ ಮಾಡಿ ಮಲಗಿಸಿಕೊಂಡು ಹೋದ. ಇನ್ನೊಂದು ಸಲ ಹಾಗಾದರೆ ಹಾಲಿನವನು ಇರ್ತಾನೋ ಇಲ್ಲವೋ. ಅದಕ್ಕೇ ಈ ಕಾರು. ಸಣ್ಣ ಕಾರಿನಲ್ಲಿ ಇವರ ಕಾಲು ಚಾಚಲ್ಲ, ದೊಡ್ಡ ವ್ಯಾನು ನಮ್ಮ ಗಲ್ಲಿಯಲ್ಲಿ ತಿರುಗಲ್ಲ. ಇದು ಎರಡಕ್ಕೂ ಸೈ. ಅತ್ತೆಯವರಿಗೂ ಒಪ್ಪಿಗೆಯಾಯಿತು. ಸಣ್ಣ ಕಾರಿಗೆ ಹಳ್ಳಕ್ಕೆ ಬೀಳೋ ಹಾಗೆ ಕೂರಬೇಕು, ಇದು ಮಂಚದ ಎತ್ತರಕ್ಕಿದೆ ಅಂದರು. ಅತ್ತೆ ಒಂದು ವಸ್ತುವಿನಲ್ಲಿ ಹುಳುಕು ಹುಡುಕದೆ ಬಿಟ್ಟಿದ್ದನ್ನು ನಾನು ಅವತ್ತೇ ನೋಡಿದ್ದು.

ಇನ್ನು ಓಡಿಸಬೇಕಾದವಳು ನಾನು. ಸೈಕಲ್ಲೂ ಹತ್ತದವಳು. ಪರದೆ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಬೆಳಗಿನಿಂದ ಸಂಜೆವರೆಗೆ ಒಂದೇ ನೇರ ಹೊಲಿಗೆ ಹಾಕೋಳು. ಪೆಡಲ್ ಅಭ್ಯಾಸ ಇತ್ತು ನೋಡಿ, ಕಾಲು ಬೇಗ ಕಲೀತು. ತಲೆ ಕಲೀಲಿಲ್ಲ. ಡ್ರೈವಿಂಗ್ ಸ್ಕೂಲಿನವನು ಪಕ್ಕದಲ್ಲಿ ಕೂತು "ಕನ್ನಡಿ ನೋಡಿ ಮೇಡಂ, ಕನ್ನಡಿ ನೋಡಿ" ಅಂತ ಪ್ರಾಣ ತಿಂದ. ಕನ್ನಡಿ ನೋಡಿದರೆ ರಸ್ತೆ ಮರೀತಿತ್ತು, ರಸ್ತೆ ನೋಡಿದರೆ ಗೇರು ಮರೀತಿತ್ತು. ನಾಲ್ಕೇ ದಿನಕ್ಕೆ ಇವರು ಅವನಿಗೆ ಕೈ ಮುಗಿದು ಕಳಿಸಿಬಿಟ್ಟರು.

"ನಾನು ಕಲಿಸ್ತೀನಿ. ನನ್ನ ಕೆಲಸಾನೇ ಅದಲ್ಲವಾ?"

ಇವರ ಕೆಲಸ ದೊಡ್ಡ ಕಟ್ಟಡಗಳ ಕ್ರೇನಿಗೆ ದಾರಿ ಹೇಳೋದು. ಕ್ರೇನಿನವನು ಆಕಾಶದಲ್ಲಿ ಗೂಡಿನಲ್ಲಿ ಕೂತಿರ್ತಾನೆ, ಅವನಿಗೆ ಕೆಳಗಿನದು ಏನೂ ಕಾಣಲ್ಲ. ಇವರು ನೆಲದ ಮೇಲೆ ನಿಂತು, ಕೈಯಲ್ಲಿ ರೇಡಿಯೋ ಹಿಡಿದು, ಎಡಕ್ಕೆ, ಇನ್ನೂ ಸ್ವಲ್ಪ, ಸಾಕು, ಇಳಿಸು ಅಂತ ಹೇಳಬೇಕು. ಅವನು ಹಾಗೇ ಮಾಡಬೇಕು. "ಮೇಲಿರೋನು ತನ್ನ ಕಣ್ಣು ನಂಬಿದ ದಿನ ಕೆಳಗೆ ಹೆಣ ಬೀಳುತ್ತೆ," ಅಂತಿದ್ದರು. "ನೀನೂ ಅಷ್ಟೇ. ಮುಂದೆ ಮಾತ್ರ ನೋಡು. ಹಿಂದೆ, ಪಕ್ಕ, ಎಲ್ಲಾ ನನಗೆ ಬಿಡು."

ಒಳಗಿನ ಕನ್ನಡಿಯನ್ನು ಚಾವಣಿ ಕಡೆಗೆ ಎತ್ತಿಟ್ಟರು. ಪಕ್ಕದ ಕನ್ನಡಿಗಳನ್ನು ತಮಗೆ ಕಾಣೋ ಹಾಗೆ ತಿರುಗಿಸಿಕೊಂಡರು. ನನ್ನ ಪಾಲಿಗೆ ಎದುರಿನ ಗಾಜೊಂದೇ ಉಳಿಯಿತು. ಆಮೇಲೆ ನೋಡಬೇಕಿತ್ತು ನನ್ನ ಓಡಿಸೋದನ್ನ. ಬಲಕ್ಕೆ ಅಂದರೆ ಬಲಕ್ಕೆ, ತಡಿ ಅಂದರೆ ನಿಂತಲ್ಲೇ ನಿಂತೆ. ಗಲ್ಲಿಯ ಆ ಇಕ್ಕಟ್ಟಿನ ತಿರುವಿನಲ್ಲಿ ಎರಡು ಕಡೆ ಗೋಡೆಗೂ ಅಂಗೈ ಅಗಲ ಬಿಟ್ಟು ಕಾರು ನುಸುಳಿಸ್ತಿದ್ದೆ. ಎದುರುಮನೆಯವರು ಬಾಗಿಲಿಗೆ ಬಂದು ನಿಂತು ನೋಡೋರು. ನನಗೂ ಸ್ವಲ್ಪ ಕೊಂಬು ಬಂತು, ಸುಳ್ಳೇಕೆ.

ಲೈಸೆನ್ಸಿನ ಪರೀಕ್ಷೆಯ ದಿನ ಇವರು ರೋಗಿ, ಒಬ್ಬರನ್ನೇ ಬಿಡೋ ಹಾಗಿಲ್ಲ ಅಂತ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ಒಂದು ಕೆಮ್ಮು ಅಂದರೆ ಬಲ, ಎರಡು ಅಂದರೆ ಎಡ, ಗಂಟಲು ಕೆರೆದರೆ ನಿಲ್ಲಿಸು. ಪರೀಕ್ಷೆ ಮಾಡೋನು ತನ್ನ ಫೋನು ನೋಡ್ತಾ ಕೂತಿದ್ದ. ಇಳಿಯೋವಾಗ ನನಗೆ ಪಾಸು ಅಂದ, ಇವರಿಗೆ ಕೆಮ್ಮಿಗೆ ಔಷಧಿ ತಗೊಳ್ಳಿ ಅಂದ. ಮನೆಗೆ ಬರೋ ದಾರಿಯುದ್ದಕ್ಕೂ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆ ವರ್ಷ ನಾವು ಹಾಗೆ ನಕ್ಕಿದ್ದು ಅದೊಂದೇ ಸಲ.

ನಗದೇ ಇದ್ದೋರು ಅತ್ತೆ ಒಬ್ಬರೇ. ದಿನಾ ಸಂಜೆ ಆಸ್ಪತ್ರೆಯವರೆಗೆ ಹೋಗಿ ಬರೋ ಅಭ್ಯಾಸ ಮಾಡ್ತಿದ್ದೆವು, ಅವರು ಹಿಂದೆ ಕೂತು ಬಾಯಿ ಬಿಗಿದುಕೊಂಡು ಬರೋರು. ಒಂದು ದಿನ ತಡೆಯಲಿಲ್ಲ.

"ಇವಳು ಎಲ್ಲಿ ಓಡಿಸ್ತಿದಾಳೋ? ಓಡಿಸ್ತಿರೋನು ನೀನು. ಇವಳು ಬರೀ ಕೈಕಾಲು. ನಿನಗೆ ಬಾಯಿ ಬರದೇ ಇರೋ ದಿನಕ್ಕೆ ಅಲ್ಲವೇನೋ ಈ ಕಾರು ತಂದಿದ್ದು?"

ಮಾತು ಸರಿಯಾಗಿತ್ತು. ಅತ್ತೆಯ ಮಾತು ಸರಿಯಾಗಿದ್ದಾಗ ಮೈ ಇನ್ನೂ ಜಾಸ್ತಿ ಉರಿಯುತ್ತೆ. ಇವರು ಮಾರನೇ ದಿನ ಕನ್ನಡಿಗಳನ್ನು ನನ್ನ ಕಡೆ ತಿರುಗಿಸಿ, ತುಟಿ ಹೊಲಿದುಕೊಂಡು ಕೂತರು. ದೊಡ್ಡ ಸರ್ಕಲ್ಲಿಗೆ ಬಂದೆ. ನಾಲ್ಕೂ ಕಡೆಯಿಂದ ಗಾಡಿಗಳು. ಕನ್ನಡಿಯಲ್ಲಿ ಕಾಣೋ ಲಾರಿ ಹಿಂದಿದೆಯೋ ಪಕ್ಕದಲ್ಲಿದೆಯೋ ತಿಳೀಲಿಲ್ಲ. ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟೆ. ಹಿಂದೆ ಹಾರನ್ನುಗಳು ಬೊಬ್ಬೆ ಹಾಕಿದವು. "ಹೇಳ್ರೀ, ಬಾಯಿ ಬಿಟ್ಟು ಹೇಳ್ರೀ, ಕೊಲ್ತೀರಾ ನನ್ನ?" ಅಂತ ಅಳ್ತಾ ಕೂಗಿದೆ.

"ಬಲಕ್ಕೆ. ನಿಧಾನ. ಹಾಂ, ಬಾ, ಬಾ," ಅಂದರು.

ಅವರ ಮುಖ ಅರಳಿದ್ದನ್ನು ನಾನು ಓರೆಗಣ್ಣಲ್ಲಿ ನೋಡಿದೆ. ಕೆಲಸ ಬಿಟ್ಟ ಮೇಲೆ ಆ ಮನುಷ್ಯನ ಮಾತು ಕೇಳೋರು ಪ್ರಪಂಚದಲ್ಲಿ ಯಾರೂ ಇರಲಿಲ್ಲ. ಒಂದು ಕಾಲಕ್ಕೆ ಇವರು ಕೈ ಎತ್ತಿದರೆ ಟನ್ನುಗಟ್ಟಲೆ ಕಬ್ಬಿಣ ಗಾಳಿಯಲ್ಲಿ ನಿಲ್ತಿತ್ತು. ಈಗ ಔಷಧಿ ಅಂಗಡಿಯವನೂ ಇವರನ್ನು ಬಿಟ್ಟು ನನ್ನ ಹತ್ತಿರ ಮಾತಾಡ್ತಿದ್ದ. ಈ ಕಾರಿನಲ್ಲಿ ಮಾತ್ರ ಇವರು ಹೇಳಿದ್ದು ನಡೀತಿತ್ತು. ಅದನ್ನೂ ಕಿತ್ತುಕೊಳ್ಳಬೇಕಿತ್ತಾ ನಾನು? ಈಗಲೂ ಕೇಳ್ತೀನಿ, ಯಾವ ಹೆಂಡತಿ ಕಿತ್ತುಕೊಳ್ತಾಳೆ? ಕನ್ನಡಿ ಮತ್ತೆ ಅವರ ಕಡೆ ತಿರುಗಿತು. ಒಳಗಿನದು ಚಾವಣಿ ನೋಡಿತು. ಅತ್ತೆ ಆಮೇಲೆ ಆ ಸುದ್ದಿ ಎತ್ತಲಿಲ್ಲ, ಆದರೆ ದಿನಾ ಬಂದು ಹಿಂದೆ ಕೂರೋದನ್ನೂ ಬಿಡಲಿಲ್ಲ.

ಒಂದು ದಿನ ಮಧ್ಯಾಹ್ನ ಇವರು ಊಟ ಮಾಡಿ ಕೈ ತೊಳೆಯೋಕೆ ಎದ್ದವರು ಬಚ್ಚಲ ಬಾಗಿಲು ಹಿಡಿದು ಕೂತುಬಿಟ್ಟರು. ಮುಖ ಬೂದಿ ಬಣ್ಣ. ಎದುರುಮನೆಯವರು ಕೈ ಹಾಕಿದರು, ನಾನು ಸೀಟು ಮಡಚಿದೆ, ಮಲಗಿಸಿದೆವು. ಶೋರೂಮಿನಲ್ಲಿ ಅಳೆದ ಹಾಗೇ ಎಲ್ಲಾ ಸರಿಹೋಯಿತು. ಅತ್ತೆ ಪಕ್ಕದಲ್ಲಿ ಕೂತು ಮಗನ ಕೈ ತಮ್ಮ ಮಡಿಲಿಗೆ ಎಳೆದುಕೊಂಡರು. ನಾನು ಗಾಡಿ ಸ್ಟಾರ್ಟ್ ಮಾಡಿದೆ. ನನ್ನ ಪಕ್ಕದ ಸೀಟು ಖಾಲಿ. ಗೇಟಿನ ಎದುರಿಗೆ ಗಲ್ಲಿ. ನನ್ನ ಕೈ ಸ್ಟೇರಿಂಗ್ ಮೇಲೆ ಮರಗಟ್ಟಿತು.

"ಬಿಡು," ಅಂದರು ಹಿಂದಿನಿಂದ. "ಸ್ವಲ್ಪ ಬಲಕ್ಕೆ. ಬಿಡು."

ಮಲಗಿದವರಿಗೆ ರಸ್ತೆ ಎಲ್ಲಿ ಕಾಣಬೇಕು? ಕಿಟಕಿಯಲ್ಲಿ ಕಾಣ್ತಿದ್ದದ್ದು ತಂತಿಗಳು, ಕಟ್ಟಡಗಳ ತಲೆ, ಅಷ್ಟೇ. ಅದು ಸಾಕಾಗಿತ್ತು. ಆ ಕಟ್ಟಡಗಳಲ್ಲಿ ಅರ್ಧದಷ್ಟನ್ನು ಎಬ್ಬಿಸಿದ್ದೇ ಇವರು. "ನೀರಿನ ಟ್ಯಾಂಕು ಬಂತು. ಈಗ ಎಡಕ್ಕೆ." ಉಸಿರು ಎಳೆಯೋ ಸದ್ದು. "ಬ್ಯಾಂಕಿನ ಮೇಲ್ಮಹಡಿ. ಇನ್ನು ನೇರ."

"ಮಾತಾಡಬೇಡ ಕಣಪ್ಪಾ," ಅಂದರು ಅತ್ತೆ. "ಉಸಿರು ಉಳಿಸ್ಕೋ. ನಿನ್ನ ಕಾಲು ಹಿಡೀತೀನಿ, ಮಾತಾಡಬೇಡ."

"ಮಾತಾಡ್ರೀ," ಅಂತ ನಾನು ಕೂಗಿದೆ. "ನಿಲ್ಲಿಸಬೇಡಿ, ನನಗೆ ಗೊತ್ತಾಗಲ್ಲ, ಮಾತಾಡ್ರೀ."

ಹೆತ್ತವಳು ಸುಮ್ಮನಿರು ಅಂತಾಳೆ, ಕಟ್ಟಿಕೊಂಡವಳು ಮಾತಾಡು ಅಂತಾಳೆ. ಅವರು ನನ್ನ ಮಾತು ಕೇಳಿದರು. ಒಂದೊಂದು ಮಾತಿಗೂ ಮಧ್ಯೆ ಬಿಡುವು ಉದ್ದವಾಗ್ತಾ ಹೋಯಿತು. ಸೇತುವೆಯ ಬುಡಕ್ಕೆ ಬಂದಾಗ "ಎಡಕ್ಕೆ" ಅಂದರು, ನಾನು ಎಡಕ್ಕೆ ಹೊರಳಿ ಸೇತುವೆ ಹತ್ತಿದೆ. ಎರಡು ಕಡೆಯಿಂದಲೂ ಗಾಡಿಗಳು ರೊಯ್ಯನೆ ಹೋಗ್ತಿವೆ, ನಿಲ್ಲೋಕೆ ಜಾಗವಿಲ್ಲ. ಮುಂದಿನ ಮಾತಿಗೆ ಕಾದೆ. ಬರಲಿಲ್ಲ.

"ಏನ್ರೀ?"

ಏನೂ ಇಲ್ಲ. ಇಂಜಿನಿನ ಸದ್ದು ಮಾತ್ರ. ನನ್ನ ಕಾಲು ತಾನಾಗೇ ಬ್ರೇಕಿನ ಕಡೆ ಹೋಯಿತು. ಹಿಂದೆ ಯಾವುದೋ ಬಸ್ಸು ಕಿವಿ ಹರಿಯೋ ಹಾಗೆ ಹಾರನ್ ಮಾಡಿತು.

"ನಿಲ್ಲಿಸಬೇಡ," ಅಂದರು ಅತ್ತೆ. ಸ್ವರ ಗಟ್ಟಿಯಾಗಿತ್ತು. "ಅವನಿಗೆ ಜೋರಾಗಿ ಹೇಳೋಕೆ ಆಗ್ತಿಲ್ಲ. ನನ್ನ ಕಿವೀಲಿ ಹೇಳ್ತಿದಾನೆ. ನಾನು ನಿನಗೆ ಹೇಳ್ತೀನಿ. ನೇರ ಹೋಗು. ನೇರ."

ಹೋದ ಜೀವ ಬಂದ ಹಾಗಾಯಿತು ನನಗೆ. ಅತ್ತೆ ಮುಂದಕ್ಕೆ ಬಾಗಿದ್ದರು, ಅವರ ಮಾತು ನನ್ನ ಕತ್ತಿನ ಹತ್ತಿರವೇ ಕೇಳಿಸ್ತಿತ್ತು. ಸೇತುವೆ ಇಳೀತಿದೆ, ನಿಧಾನ ಮಾಡ್ಬೇಕಂತೆ. ಬಲಗಡೆ ಒಬ್ಬ ಬೈಕಿನವನು, ಅವನು ಹೋಗಲಿ ಅಂತೆ. ಈಗ ಬಲಕ್ಕೆ ಅಂತೆ. ದೊಡ್ಡ ಸರ್ಕಲ್ಲು ಬಂತು. ಹೆದರಬೇಡ, ಬಿಳಿ ಕಾರಿನ ಹಿಂದೆಯೇ ಹೋಗಬೇಕಂತೆ ಅಂದರು. ಹೋದೆ. ಯಾರಿಗೂ ತಾಗದೆ, ಎಲ್ಲೂ ನಿಲ್ಲದೆ ಆ ಸರ್ಕಲ್ಲು ದಾಟಿದೆ. ಜನ್ಮದಲ್ಲಿ ಹಾಗೆ ಓಡಿಸಿರಲಿಲ್ಲ.

"ಹೇಗೆ ಓಡಿಸ್ತಿದೀನಿ ಕೇಳಿ ಅವರನ್ನ," ಅಂದೆ. ಅಳುವೂ ನಗುವೂ ಒಟ್ಟಿಗೆ ಬಂದಿತ್ತು.

ಅತ್ತೆ ಸ್ವಲ್ಪ ತಡೆದರು.

"ಚೆನ್ನಾಗಿ ಓಡಿಸ್ತಿದೀಯಂತೆ," ಅಂದರು. "ಎಡಕ್ಕೆ ಆಸ್ಪತ್ರೆ ಗೇಟು. ತಿರುಗಿಸು."

ಎಮರ್ಜೆನ್ಸಿ ಬಾಗಿಲಿಗೇ ತಂದು ನಿಲ್ಲಿಸಿದೆ. ಡಿಕ್ಕಿ ತೆಗೆದು ಸ್ಟ್ರೆಚರಿಗೆ ಎಳೆದುಕೊಂಡರು. ನಾನು ಹಿಂದೆಯೇ ಓಡಿದೆ, ಪರದೆ ಎಳೆದು ಹೊರಗೆ ನಿಲ್ಲಿಸಿದರು. ಅದೂ ನಮ್ಮ ಅಂಗಡಿಯ ಥರದ್ದೇ ಹಸಿರು ಪರದೆ, ಅಂಚು ಸೊಟ್ಟ ಹೊಲಿದಿದ್ದರು. ಅದನ್ನೇ ನೋಡ್ತಾ ನಿಂತೆ. ಡಾಕ್ಟರಮ್ಮ ಬೇಗ ಹೊರಗೆ ಬಂದಳು. ಅಷ್ಟು ಬೇಗ ಬಂದರೆ ಏನರ್ಥ ಅಂತ ನನಗೇನು ಗೊತ್ತು? ತರೋವಾಗಲೇ ಹೋಗಿದ್ದರು, ಆಗಲೇ ಸ್ವಲ್ಪ ಹೊತ್ತಾಗಿದೆ ಅಂದಳು. ಇಲ್ಲ ಡಾಕ್ಟ್ರೇ, ಗೇಟಿನ ತನಕ ಮಾತಾಡಿದರು, ಗೇಟು ತೋರಿಸಿದ್ದೇ ಅವರು ಅಂತ ನಾನು ವಾದ ಮಾಡಿದೆ. ಆಕೆ ನನ್ನ ಹೆಗಲು ಮುಟ್ಟಿ ಹೊರಟುಹೋದಳು.

ಅತ್ತೆ ಗೋಡೆ ಪಕ್ಕದ ಬೆಂಚಿನ ಮೇಲೆ, ಮಡಿಲಲ್ಲಿ ಎರಡೂ ಕೈ ಮೇಲಕ್ಕೆ ಮಾಡಿಟ್ಟುಕೊಂಡು ಕೂತಿದ್ದರು. ಅವರ ಎದುರಿಗೆ ಹೋಗಿ ನಿಂತೆ. ಅವರೇ ಹೇಳಿದರು.

"ಸೇತುವೆ ಹತ್ತೋವಾಗ. ನನ್ನ ಕೈ ಹಿಡಿದಿದ್ದ. ಬಿಟ್ಟ."

"ಮತ್ತೆ ನಿಮ್ಮ ಕಿವೀಲಿ ಹೇಳ್ತಿದ್ದದ್ದು?"

"ಆ ವೇಗದಲ್ಲಿ ನಿನಗೆ ಹೇಳಿದ್ದರೆ ನೀನು ಸ್ಟೇರಿಂಗ್ ಬಿಡ್ತಿದ್ದೆ. ಒಂದೇ ದಿನ ಇಬ್ಬರನ್ನ ಕಳ್ಕೊಳ್ಳೋಕೆ ನನ್ನ ಕೈಲಿ ಆಗಲ್ಲಮ್ಮ."

ನಾನು ಅವರ ಕಾಲ ಬುಡದಲ್ಲಿ ಕುಸಿದೆ. ಸತ್ತ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಈ ಮುದುಕಿ ನನಗೆ ಅಷ್ಟು ದೂರ ದಾರಿ ಹೇಳಿದ್ದಾರೆ. ಒಂದು ಸಲವೂ ಸ್ವರ ಒಡೆದಿರಲಿಲ್ಲ. ಅವರ ಮಂಡಿ ಹಿಡಿದುಕೊಂಡು ಕೇಳಿದೆ.

"ಹಾಗಾದ್ರೆ, ಚೆನ್ನಾಗಿ ಓಡಿಸ್ತಿದೀಯ ಅಂದಿದ್ದು?"

"ಅದೂ ನಾನೇ," ಅಂದರು ಅತ್ತೆ.