ಅಪ್ಪ ಕೆಳಗಿಳಿಯುವ ತನಕ

ಮೈರಿಗ್ ದೊಡ್ಡಪ್ಪನ ಶವದ ಕಾರು ಹನ್ನೊಂದಕ್ಕೆ ನಮ್ಮ ಬಾಗಿಲ ಮುಂದೆ ಬರುವುದಿತ್ತು. ವೇಲ್ಸಿನ ಈ ಕಣಿವೆಯಲ್ಲಿ ನಮ್ಮ ಬೀದಿಯ ವಾಡಿಕೆ ಅದು: ಸತ್ತವರು ಒಡಹುಟ್ಟಿದವರ ಮನೆಯೆದುರು ಒಂದು ಗಳಿಗೆ ನಿಂತು ಹೋಗುತ್ತಾರೆ, ಮನೆಯವರು ಹೊಸ್ತಿಲಲ್ಲಿ ನಿಂತು ಕಳಿಸಿಕೊಡುತ್ತಾರೆ.

ಅಪ್ಪ ಮಹಡಿಯ ಮೇಲಿದ್ದ. ಎದೆಯಲ್ಲಿ ಗಣಿಯ ದೂಳು ತುಂಬಿ, ಚಳಿಗಾಲದಿಂದ ಮೆಟ್ಟಿಲಿಳಿದಿರಲಿಲ್ಲ. ಕರಿ ಸೂಟು ತೊಟ್ಟು, ಆಮ್ಲಜನಕದ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡು, ಬೆಳಗಿನಿಂದ ಮಂಚದ ತುದಿಯಲ್ಲಿ ಕೂತಿದ್ದ.

"ಕಿಟಕಿಯಿಂದ ನೋಡ್ಬಹುದಲ್ಲಪ್ಪ" ಎಂದೆ.

"ಕಿಟಕಿಯಿಂದ ನೋಡೋಕೆ ಅದೇನು ಬ್ಯಾಂಡ್ ಮೆರವಣಿಗೇನೇ? ಅವನು ನನ್ನ ಅಣ್ಣ."

ಅಪ್ಪನನ್ನು ಹೊತ್ತು ಇಳಿಸುತ್ತೇನೆಂದು ಒಪ್ಪಿದ್ದವನು ಪಕ್ಕದ ಮನೆಯ ಡೆನ್ಜಿಲ್. ಒಂಬತ್ತಕ್ಕೆ ಕೇಳಿದಾಗ "ನೌ ಬಂದೆ" ಎಂದ, ಈಗಲೇ ಎಂಬಂತೆ. ಹತ್ತಕ್ಕೆ, "ನೌ, ಒಂದ್ನಿಮಿಷದಲ್ಲಿ." ಮತ್ತೆ ಹೋದರೆ ಅವನ ಹೆಂಡತಿ, "ನೌ ತಾನೇ ಹೋದ್ರಲ್ಲ, ಹೂವು ತರೋಕೆ" ಎಂದಳು. ನಾನು ದನಿಯೇರಿಸಿದ್ದಕ್ಕೆ "ನೌ, ನೌ, ಎಲಿನೆಡ್" ಎಂದು ಬೆನ್ನು ಸವರಿದಳು.

ಶಾಲೆಯಲ್ಲಿ ನಾನು ಭೌತವಿಜ್ಞಾನ ಕಲಿಸುತ್ತೇನೆ. ಅಲ್ಲಿ ನೌ, ಅಂದರೆ 'ಈಗ', ಕಾಲದ ಗೆರೆಯ ಮೇಲಿನ ಬಿಂದು, ಅಗಲವೇ ಇಲ್ಲದ್ದು. ಇಲ್ಲಿ ಅದು ಆಗಿಹೋದದ್ದಕ್ಕೂ ಸಲ್ಲುತ್ತದೆ, ಆಗಬೇಕಾದದ್ದಕ್ಕೂ ಸಲ್ಲುತ್ತದೆ. ಅಳುವವರ ಬಾಯಿ ಮುಚ್ಚಿಸಲಿಕ್ಕೂ ಆಗುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಮೈ ಉರಿಯುವುದು ಅದಕ್ಕೇ. ಕೂಗಾಡೋಣವೆಂದರೆ ಒಬ್ಬ ಕೆಟ್ಟವನೂ ಸಿಗುವುದಿಲ್ಲ.

ಕಾರು ಬಂತು. ಅದರ ಮುಂದೆ ಉದ್ದ ಟೋಪಿಯ ಪ್ಯೂ ನಡೆದು ಬಂದ. ಕಣಿವೆಯ ಅಂತ್ಯಕ್ರಿಯೆಗಳನ್ನೆಲ್ಲ ನಡೆಸಿಕೊಡುವವನು ಅವನೇ. ಡೆನ್ಜಿಲನ ಸುಳಿವಿಲ್ಲ.

"ಅಪ್ಪ ಇನ್ನೂ ಮೇಲಿದ್ದಾರೆ. ಇಳಿಯೋ ತನಕ ನಿಲ್ಲಿ" ಎಂದೆ.

"ನೌ ದೆನ್, ನೋಡಮ್ಮ," ಅವನದು ನಯವಾದ ದನಿ, "ಚಿತಾಗಾರದಲ್ಲಿ ನಮಗೊಂದು ಹೊತ್ತು ಅಂತ ಕೊಟ್ಟಿರ್ತಾರೆ..."

ನಾನು ಕಾರಿನ ಮೂತಿಗೆ ಅಡ್ಡ ನಿಂತೆ. "ನನ್ನ ಮೇಲೇ ಹತ್ತಿಸ್ಕೊಂಡು ಹೋಗಿ. ನಿಮಗೆ ಇನ್ನೊಂದು ಗಿರಾಕಿ ಸಿಕ್ಕಿದ ಹಾಗಾಯ್ತು."

ಹಿಂದಿನ ಕಾರಿನಿಂದ ಶವಪೆಟ್ಟಿಗೆ ಹೊರುವ ನಾಲ್ವರು ಇಳಿದರು. ಪ್ಯೂವಿನ ಮುಖವನ್ನೂ ನೋಡದೆ ನಮ್ಮ ಮೆಟ್ಟಿಲು ಹತ್ತಿದರು. ಆಮೇಲೆ ಮೇಲಿನಿಂದ ಅಪ್ಪನ ಕೂಗು:

"ಕಾಲು ಮುಂದೆ ಮಾಡ್ಬೇಡ್ರೋ! ನಾನಿನ್ನೂ ಸತ್ತಿಲ್ಲ!"

ಕುರ್ಚಿ ಸಮೇತ ಇಳಿಸಿದರು. ಆಮ್ಲಜನಕದ ಸಿಲಿಂಡರನ್ನು ನಾನು ಹಿಡಿದು ತಂದು ಹೊಸ್ತಿಲ ಬಳಿ ಇಟ್ಟು, ಮತ್ತೆ ಕಾರಿಗೆ ಅಡ್ಡ ನಿಂತೆ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತ. ಆಗ ಡೆನ್ಜಿಲ್ ಹೂಮಾಲೆ ಹಿಡಿದು ಏದುಸಿರು ಬಿಡುತ್ತ ಓಡಿಬಂದ.

"ನೌ ಬರ್ತಾನೇ ಇದ್ದೆ ಕಣೋ, ಎಮ್ರಿಸ್..." ಎಂದ ಅಪ್ಪನಿಗೆ.

"ಟೋಪಿ ತೆಗಿ" ಎಂದ ಅಪ್ಪ, ಡೆನ್ಜಿಲನ ಕಡೆ ತಿರುಗದೆ.

ಪ್ಯೂ ಜೇಬಿನ ಗಡಿಯಾರ ತೆಗೆದು ನೋಡಿಕೊಂಡ. ನಾನು ಅವನನ್ನೇ ನೋಡಿದೆ. ಅವನು ಅದನ್ನು ಜೇಬಿಗಿಳಿಸಿದ.

ಅಪ್ಪ ಕಾರಿನ ಗಾಜಿನಾಚೆಯ ಪೆಟ್ಟಿಗೆಯನ್ನು ನೋಡುತ್ತ, ಉಸಿರು ಸಾಲುವಷ್ಟು ಹೊತ್ತು ನಿಂತಿದ್ದ. ಅವನು ಕುರ್ಚಿಗೆ ಕುಸಿದ ಮೇಲೆಯೇ ನಾನು ದಾರಿ ಬಿಟ್ಟೆ.