ಆಡೋದು ಯಾರು?

ಅಳತೆ ಟೇಪಿನ ಆ ತುದಿಯನ್ನು ಯಾರಾದರೂ ಹಿಡಿದುಕೊಂಡಿದ್ದರೆ ಒಳ್ಳೆಯದಿತ್ತು. ಕರೆಯಲು ಅವನಿಗೆ ಮನಸ್ಸಾಗಲಿಲ್ಲ. ಸಣ್ಣ ಕೋಣೆಯ ಮೂಲೆಯಲ್ಲಿ ಟೇಪಿನ ತುದಿಯನ್ನಿಟ್ಟು, ಅದರ ಮೇಲೆ ತನ್ನ ಒಂದು ಚಪ್ಪಲಿಯನ್ನು ಹೇರಿ, ಮಂಡಿಯೂರಿಕೊಂಡು ಹಿಂದೆ ಹಿಂದೆ ಸರಿದ. ಕಿಟಕಿಯವರೆಗೆ ಬರುವಷ್ಟರಲ್ಲಿ ಟೇಪು ಚಪ್ಪಲಿಯನ್ನು ಎಗರಿಸಿ ಸರ್ರನೆ ಬಂದು ಹೆಬ್ಬೆರಳಿಗೆ ಬಡಿಯಿತು.

"ಏನ್ರೀ ಅದು ಸದ್ದು?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಏನಿಲ್ಲ."

ಮೂರನೆಯ ಸಲಕ್ಕೆ ಸರಿಹೋಯಿತು. ಏಳೂವರೆ ಅಡಿ. ಮೇಜು ಹಿಡಿಸುತ್ತದೆ, ಕುರ್ಚಿ ಹಿಡಿಸುತ್ತದೆ, ಬಾಗಿಲನ್ನೂ ಹಾಕಿಕೊಳ್ಳಬಹುದು. ಮೊದಲ ಎರಡನ್ನು ಹಾಳೆಯಲ್ಲಿ ಬರೆದುಕೊಂಡ. ಮೂರನೆಯದನ್ನು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಒಂದು ಕ್ಷಣ ಅವನಿಗೇ ಕುತೂಹಲವಾಯಿತು. ಆಮೇಲೆ ಹೆಬ್ಬೆರಳು ಉರಿಯತೊಡಗಿದ್ದರಿಂದ ಅದು ಮರೆತುಹೋಯಿತು.

ಅವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳು ಅವನಿಗಿಟ್ಟ ಹೆಸರು 'ಆದರೆ ಸಾರ್'. ಏನು ಕೇಳಿದರೂ ಅವನ ಉತ್ತರ ಅರ್ಧ ದಾರಿ ನೆಟ್ಟಗೆ ನಡೆದು, 'ಆದರೆ' ಎಂದು ನಿಂತು, ಪಕ್ಕದ ಓಣಿಗೆ ಹೊರಳಿಬಿಡುತ್ತಿತ್ತು. ಈ ಅಡ್ಡಹೆಸರು ಅವನ ಕಿವಿಗೂ ಬಿದ್ದಿತ್ತು. ಬೇಸರವಾಗಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಆಗಿತ್ತು. 'ಆದರೆ' ಇಲ್ಲದೆ ಮಾತು ಮುಗಿಸುವವರು ಒಂದೋ ಅವಸರದವರು, ಇಲ್ಲವೋ ಸುಳ್ಳರು ಎಂಬುದು ಅವನ ನಂಬಿಕೆ.

ಹಾಳೆಯಲ್ಲಿ ಎರಡು ಅಂಕಣಗಳಿದ್ದವು. ಎಡಕ್ಕೆ ಗೇಮ್ ಕನ್ಸೋಲು, ಬಲಕ್ಕೆ ಗೇಮಿಂಗ್ ಕಂಪ್ಯೂಟರು. ಕನ್ಸೋಲು ಒಂದು ಪೆಟ್ಟಿಗೆ. ಹಾಲಿನಲ್ಲಿರುವ ಟಿವಿಗೆ ಸಿಕ್ಕಿಸಿದರೆ ಮುಗಿಯಿತು. ಕಂಪ್ಯೂಟರಿಗೆ ಮೇಜು ಬೇಕು, ಮಾನಿಟರು ಬೇಕು. ಆದರೆ ಬೇಕಾದಾಗ ಬಿಚ್ಚಿ ಒಳಗಿನ ಒಂದೊಂದೇ ಭಾಗವನ್ನು ಬದಲಾಯಿಸಬಹುದು. ಕನ್ಸೋಲನ್ನು ಬಿಚ್ಚುವ ಹಾಗಿಲ್ಲ, ಬಂದದ್ದು ಬಂದ ಹಾಗೇ ಇರಬೇಕು. ಆದರೆ ಅದಕ್ಕೆಂದೇ ಮಾಡಿದ ಆಟಗಳು ಅದರಲ್ಲಿ ತಡವರಿಸದೆ ಓಡುತ್ತವೆ. ಎರಡು ವಾರದಲ್ಲಿ ಅವನು ಇದನ್ನೆಲ್ಲ ಎಷ್ಟು ಓದಿದ್ದನೆಂದರೆ, ನಲವತ್ತಾರು ವರ್ಷ ಒಂದೂ ಆಟವಾಡದ ಮನುಷ್ಯ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡುತ್ತ ಗ್ರಾಫಿಕ್ಸ್ ಕಾರ್ಡಿನ ಬಿಸಿಯ ಬಗ್ಗೆ ಯೋಚಿಸುತ್ತಿದ್ದ. ಬಹಳ ದಿನಗಳ ಮೇಲೆ ಅವನಿಗೆ ಬದುಕಿನಲ್ಲಿ ಆಸಕ್ತಿ ಬಂದಿತ್ತು.

ಪೆಟ್ಟಿಗೆ ತರೋಣ ಅಂದವಳು ಹೆಂಡತಿ.

ಅವಳು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಕಾಫಿ ಲೋಟದ ಪಕ್ಕ ಒಂದು ಪತ್ರ ಇಟ್ಟಿದ್ದಳು. ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ ಹೊಸ ಆಸ್ಪತ್ರೆ. ಅಲ್ಲಿನ ಔಷಧ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಅವನು ಎರಡು ಸಲ ಓದಿ ಮಡಚಿಟ್ಟ.

"ಹೋಗಲಾ?" ಅಂದಿದ್ದಳು.

"ನಿನ್ನಿಷ್ಟ" ಅಂದಿದ್ದ.

ತಾನು ಆಡಿದ್ದು ಉದಾರವಾದ ಮಾತು ಎಂದು ಅವನಿಗೆ ಆಗ ಅನಿಸಿತ್ತು. ಎಷ್ಟು ಜನ ಗಂಡಸರು ಹೀಗೆ ಹೇಳುತ್ತಾರೆ? ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ನಾಲ್ಕು ದಿನ ಕಳೆದ ಮೇಲೆ, ಬಟ್ಟೆ ಮಡಚುತ್ತ, ಅವನ ಅಂಗಿಯೊಂದರ ತೋಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೀವುತ್ತ, "ಹಾಲಿಗೆ ಒಂದು ಆಟದ ಪೆಟ್ಟಿಗೆ ತರೋಣವಾ? ನಮ್ಮ ಆಸ್ಪತ್ರೇಲಿ ಕೆಲಸ ಮಾಡೋ ಒಬ್ಬಳ ಮನೇಲಿದೆ. ಗಂಡ ಹೆಂಡತಿ ಕೂತು ಆಡ್ತಾರಂತೆ" ಅಂದಳು.

ಅವನಿಗೆ ಥಟ್ಟನೆ ಕುತೂಹಲ ಕೆರಳಿತು. ಅವತ್ತೇ ಓದಲು ಕೂತ. ಓದುತ್ತ ಓದುತ್ತ ಪೆಟ್ಟಿಗೆ ಹಾಲಿನಿಂದ ಸಣ್ಣ ಕೋಣೆಗೆ ಬಂತು, ಕನ್ಸೋಲು ಹೋಗಿ ಕಂಪ್ಯೂಟರಾಯಿತು. ಎಲ್ಲಿ ಹೊರಳಿತು ಎಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ಸಣ್ಣ ಕೋಣೆ ಅತ್ತೆಯದಾಗಿತ್ತು. ಕೊನೆಯ ಐದು ವರ್ಷ ಆಕೆ ಮಗಳ ಮನೆಯಲ್ಲೇ ಇದ್ದರು. ಮಂಚದಲ್ಲಿ ಕೂತಲ್ಲಿಂದಲೇ ಮನೆ ನಡೆಸುತ್ತಿದ್ದರು. "ನಿನ್ನ ಗಂಡಂಗೆ ಹೇಳು, ಕೊಡೆ ತಗೊಂಡು ಹೋಗಲಿ" ಎಂದು ಮಗಳಿಗೆ; "ಅವಳು ಊಟ ಮಾಡಿದ್ಲಾ ಕೇಳಪ್ಪ" ಎಂದು ಅಳಿಯನಿಗೆ. ಹೇಳಿಕಳಿಸಿದ್ದನ್ನು ಇವರಿಬ್ಬರೂ ಒಬ್ಬರಿಗೊಬ್ಬರು ಮುಟ್ಟಿಸುತ್ತಿದ್ದರು. ಅತ್ತೆ ತೀರಿಕೊಂಡು ವರ್ಷವಾಯಿತು. ಮಂಚ ಹೋಯಿತು. ಮುಟ್ಟಿಸಬೇಕಾದ ಮಾತುಗಳೂ ಹೋದವು. ಇಬ್ಬರೂ ಜಗಳವಾಡಲಿಲ್ಲ, ಜಗಳಕ್ಕೂ ಯಾರಾದರೂ ಮೊದಲು ಬಾಯಿ ತೆಗೆಯಬೇಕಲ್ಲ.

ಅಂಗಡಿಗೆ ಹೊರಡುವ ಮುಂಚೆ ಅವನು ಭಾವಮೈದುನನಿಗೆ ಫೋನ್ ಮಾಡಿದ. ನೆಂಟರಲ್ಲಿ ಇಂಥ ಆಟಗಳ ಗಂಧ ಗೊತ್ತಿದ್ದವನು ಅವನೊಬ್ಬನೇ.

"ಭಾವ, ಕಣ್ಮುಚ್ಕೊಂಡು ಕಂಪ್ಯೂಟರ್ ತಗೊಳ್ಳಿ. ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ಮನೆ ಬಿದ್ರೂ ಗೊತ್ತಾಗಲ್ಲ."

"ಆದರೆ ಕನ್ಸೋಲಲ್ಲಿ ತಾಪತ್ರಯ ಕಡಿಮೆ ಅಂತಾರೆ."

"ಅದೂ ನಿಜಾನೇ. ಅಕ್ಕ ಏನಂತಾಳೆ?"

"ಅವಳದೇನಿಲ್ಲ."

"ಅಲ್ಲ, ಆ ಊರಿನ ವಿಷಯ ಕೇಳ್ದೆ. ನಾಳೆ ಕಡೇ ದಿನ ಅಂದಿದ್ಲು."

"ಅದು ಬೇರೆ ವಿಷಯ."

"ಸರಿ ಭಾವ. ಪೆಟ್ಟಿಗೆ ಒಳಗೆ ಫ್ಯಾನು ಎಷ್ಟಿದೆ ನೋಡ್ಕೊಳ್ಳಿ" ಎಂದು ಭಾವಮೈದುನ ಫೋನಿಟ್ಟ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವಳು ಕಿಟಕಿಯ ಪಕ್ಕ ಕೂತಳು. ಒಗೆದು ಎತ್ತಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಅಂಗಡಿಗೆ ಹೋಗಲು ಇದೇಕೆ ಎಂದು ಅವನಿಗೆ ಅನಿಸಿತು.

"ನಾಳೆ ಉತ್ತರ ಕೊಡ್ಬೇಕು" ಅಂದಳು.

"ಹೂಂ. ಕೊಡು."

"ಏನಂತ?"

ಮುಂದಿನ ಸೀಟಿನವನ ಕುತ್ತಿಗೆಯ ಮೇಲೆ ಕ್ಷೌರ ಮಾಡಿದವನ ಕೈ ತಪ್ಪಿ ಒಂದು ಗೀರಾಗಿತ್ತು. ಅವನು ಅದನ್ನೇ ನೋಡುತ್ತಿದ್ದ. "ಎರಡಕ್ಕೂ ಕಾರಣಗಳಿವೆ" ಅಂದ.

"ಹೌದು. ಇವೆ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಅಂಗಡಿ ಮೊದಲನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಬಂದವರನ್ನು ಎದುರುಗೊಂಡದ್ದು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಕಿವಿಯವರೆಗೆ ಕತ್ತರಿಸಿದ ನರೆಗೂದಲು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಅಂಗಡಿ ಆಕೆಯದೇ. ಅವನು ಹಾಳೆ ಬಿಡಿಸಿ ಕೌಂಟರಿನ ಮೇಲೆ ಹರಡಿದ. ಆಕೆ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದಳು.

"ಪಾಠ ಮಾಡ್ತೀರಾ?"

"ಹೌದು. ಹೇಗೆ ಗೊತ್ತಾಯ್ತು?"

"ಅಂಡರ್‌ಲೈನ್ ನೋಡಿ." ಆಕೆ ಹಾಳೆಯನ್ನು ಮಡಚಿ ಅವನ ಕೈಗೇ ಕೊಟ್ಟಳು. "ಎಲ್ಲಾ ಬರೆದಿದ್ದೀರ. ಮುಖ್ಯವಾದದ್ದೇ ಇಲ್ಲ. ಆಡೋದು ಯಾರು?"

"ನಾನು" ಅಂದ ಅವನು.

"ಇಬ್ಬರೂ" ಅಂದಳು ಅವಳು.

ಎರಡು ಮಾತೂ ಒಟ್ಟಿಗೇ ಬಂದವು. ಅಂಗಡಿಯಾಕೆ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಅವನ ಹೆಂಡತಿ ಕೌಂಟರಿನ ಗಾಜಿನ ಮೇಲೆ ಇಲ್ಲದ ಧೂಳನ್ನು ಬೆರಳಿನಿಂದ ಒರೆಸಿದಳು. "ಅವರಿಷ್ಟ" ಅಂದಳು ಮೆಲ್ಲಗೆ.

"ಸರಿ. ಎರಡನ್ನೂ ಆಡಿ ನೋಡಿ" ಅಂದಳು ಅಂಗಡಿಯಾಕೆ.

ಮೊದಲು ಕಂಪ್ಯೂಟರು. ಗಾಜಿನ ಮಗ್ಗುಲಿನ ಪೆಟ್ಟಿಗೆ, ಒಳಗೆ ನೀಲಿ ಬೆಳಕಿನಲ್ಲಿ ತಿರುಗುವ ಫ್ಯಾನುಗಳು. ಕುರ್ಚಿ ಅವನ ಬೆನ್ನನ್ನು ಅಳತೆ ತೆಗೆದು ಹೊಲಿದಂತಿತ್ತು. ಆಕೆ ಕಿವಿಗೆ ಹೆಡ್‌ಫೋನ್ ತೊಡಿಸಿದ ಕೂಡಲೇ ಅಂಗಡಿ ಇಲ್ಲವಾಯಿತು. ಎದುರಿಗೆ ಒಂದು ಕಾಡು. ಎಲೆ ಮೇಲೆ ಎಲೆ ಉಜ್ಜುವ ಸದ್ದು ಎಡಗಿವಿಯಲ್ಲಿ, ಎಲ್ಲೋ ನೀರು ಬೀಳುವ ಸದ್ದು ಬಲಗಿವಿಯಲ್ಲಿ. ಅವನು ಮೌಸ್ ಹೊರಳಿಸಿದ; ಪ್ರಪಂಚವೇ ಹೊರಳಿತು. ಮೇಲೆ ನೋಡಿದರೆ ಆಕಾಶ, ಕೆಳಗೆ ನೋಡಿದರೆ ತನ್ನದೇ ಬೂಟುಗಳು. ಬಾಗಿ ಒಂದು ಕಲ್ಲನ್ನು ಎತ್ತಿದ. ಕಲ್ಲಿನ ಅಡಿ ಮಣ್ಣು ಒದ್ದೆಯಿತ್ತು! ಯಾರೋ ಕೂತು ಇದನ್ನೂ ಯೋಚಿಸಿದ್ದಾರಲ್ಲ ಎಂದು ಅವನ ಮೈ ಜುಮ್ಮೆಂದಿತು. ಇನ್ನೊಂದು ಕಲ್ಲು ಎತ್ತಿದ. ಅದರ ಅಡಿಯೂ ನೋಡಿದ.

ಮಾನಿಟರಿನ ಅಂಚಿನಾಚೆ ಹೆಂಡತಿಯ ಮುಖ ಕಂಡಿತು. ಪಕ್ಕದಲ್ಲಿ ನಿಂತಿದ್ದಳು. ತುಟಿಗಳು ಅಲ್ಲಾಡುತ್ತಿದ್ದವು. ಚಿಕ್ಕ ಮಾತಲ್ಲ, ಸಾಕಷ್ಟು ಉದ್ದದ್ದು. ನಡುವೆ ಒಮ್ಮೆ ನಿಂತು, ಮತ್ತೆ ಆಡಿದಳು. ಅವನು ಒಂದು ಕಿವಿಯದನ್ನು ಸರಿಸಿದ.

"ಹಾಂ? ಏನಂದೆ?"

"ಏನಿಲ್ಲ."

"ಏನೋ ಅಂದೆಯಲ್ಲ."

"ಚೆನ್ನಾಗಿದೆಯಾ ಅಂದೆ."

ಅಷ್ಟು ಉದ್ದದ ಮಾತು ಇಷ್ಟು ಚಿಕ್ಕದು ಹೇಗಾಯಿತು ಎಂದು ಅವನಿಗೆ ಸೋಜಿಗವಾಯಿತು. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಅದರೊಳಗೆ ನೀರು ಇನ್ನೂ ಬೀಳುತ್ತಲೇ ಇತ್ತು.

"ಈಗ ಇಲ್ಲಿ ಬನ್ನಿ, ಇಬ್ಬರೂ" ಎಂದು ಅಂಗಡಿಯಾಕೆ ಕರೆದಳು.

ಅಂಗಡಿಯ ಆಚೆ ತುದಿಯಲ್ಲಿ ದೊಡ್ಡ ಟಿವಿಯ ಮುಂದೆ ಇಬ್ಬರು ಕೂರುವ ಒಂದು ಸೋಫಾ. ಕೂತಾಗ ಅದು ನಡುವೆ ಕುಸಿದು ಅವರ ಭುಜಗಳು ತಾಗಿದವು. ಇಬ್ಬರೂ ತುಸು ಸರಿಯಲು ನೋಡಿದರು; ಸೋಫಾ ಬಿಡಲಿಲ್ಲ. ಅಂಗಡಿಯಾಕೆ ಒಬ್ಬೊಬ್ಬರ ಕೈಗೆ ಒಂದೊಂದು ಕಂಟ್ರೋಲರ್ ಕೊಟ್ಟಳು. "ಹೆಬ್ಬೆರಳಲ್ಲಿ ಈ ಕಡ್ಡಿ ತಳ್ಳಿ, ನಡೀತಾರೆ. ಈ ಬಟನ್ ಒತ್ತಿ, ಹಾರ್ತಾರೆ. ಇಷ್ಟೇ. ಹಸಿರು ನಿಮ್ಮದು, ಕೆಂಪು ಇವರದು."

ಪರದೆಯ ಮೇಲೆ ಹೆಬ್ಬೆರಳ ಗಾತ್ರದ ಎರಡು ಗೊಂಬೆಗಳು. ಮುಂದೆ ಗುಡ್ಡ, ಹಳ್ಳ, ತೇಲುವ ಮರದ ದಿಮ್ಮಿಗಳು. ಅವಳ ಕೆಂಪು ಗೊಂಬೆ ಎರಡು ಹೆಜ್ಜೆ ನಡೆದು ಸೀದಾ ಹಳ್ಳಕ್ಕೆ ಬಿತ್ತು.

"ಅಯ್ಯಯ್ಯೋ!" ಎಂದು ಅವಳು ನಕ್ಕಳು.

ಕಿರುಚಿದಂತೆ ಹೊರಟು ಕೊನೆಗೆ ಗೊರಕೆಯಂತೆ ಮುಗಿಯುವ ನಗು. ಅವನು ತಿರುಗಿ ನೋಡಿದ. ಈ ನಗು ಅವನಿಗೆ ಗೊತ್ತಿತ್ತು, ಆದರೆ ಕೇಳಿ ಎಷ್ಟು ಕಾಲವಾಯಿತು ಎಂಬ ಲೆಕ್ಕ ಮಾತ್ರ ಸಿಗಲಿಲ್ಲ. ಗೊಂಬೆ ಮತ್ತೆ ದಡದಲ್ಲಿ ಪ್ರತ್ಯಕ್ಷವಾಯಿತು. ಅವಳು ಈ ಸಲ ಹಾರಿದಳು. ಅವನೂ ಹಾರಿದ. ದಿಮ್ಮಿಯಿಂದ ದಿಮ್ಮಿಗೆ, ದಿಮ್ಮಿಯಿಂದ ದಡಕ್ಕೆ.

"ಬನ್ರೀ, ಬನ್ನಿ ಬೇಗ! ಅಲ್ಲೇನೋ ಬಾಗಿಲಿದೆ."

ಅವಳ ಮೊಣಕೈ ಅವನ ಪಕ್ಕೆಗೆ ಚುಚ್ಚುತ್ತಿತ್ತು. ಗೊಂಬೆ ಹಾರಿದಾಗಲೆಲ್ಲ ಅವಳೂ ಸೋಫಾದಿಂದ ಅರ್ಧ ಇಂಚು ಏಳುತ್ತಿದ್ದಳು. ಅವನಿಗೆ ಹಿತವಾಗಿತ್ತು. ಹಿತವಾಗಿದೆ ಎಂದು ಗೊತ್ತಾದ ಕೂಡಲೇ ಅವನು ಆ ಹಿತವನ್ನು ದೂರದಿಂದ ನೋಡತೊಡಗಿದ. ಇದು ಈ ಪೆಟ್ಟಿಗೆಯಿಂದ ಬಂದದ್ದೋ, ಸೋಫಾದಿಂದಲೋ? ಇದೇ ಸೋಫಾದಲ್ಲಿ ಬೇರೆ ಯಾರು ಕೂತಿದ್ದರೂ ಅವಳು ಹೀಗೇ ನಗುತ್ತಿದ್ದಳೋ? ಒಂದು ಸಲದ ಅನುಭವದಿಂದ ಏನನ್ನೂ ಹೇಳುವ ಹಾಗಿಲ್ಲ.

"ಇಬ್ಬರಿಗೂ ಇರೋದು ಒಂದೇ ಪರದೆ" ಎಂದು ಹಿಂದಿನಿಂದ ಅಂಗಡಿಯಾಕೆ ಹೇಳಿದಳು. "ಜೊತೆಗೇ ಹೋಗ್ಬೇಕು."

"ಒಬ್ಬರು ಹಿಂದೆ ಉಳಿದ್ರೆ?"

"ಯಾಕೆ ಉಳೀತೀರ? ಹೋಗಿ."

ಅದು ಉತ್ತರವಾಗಿರಲಿಲ್ಲ. ಅವನ ಕುತೂಹಲ ಮೆಲ್ಲಗೆ ತಲೆಯೆತ್ತಿತು. ಹೆಬ್ಬೆರಳನ್ನು ಕಡ್ಡಿಯಿಂದ ತೆಗೆದ. ಹಸಿರು ಗೊಂಬೆ ನಿಂತಿತು.

ಕೆಂಪು ಗೊಂಬೆ ಓಡುತ್ತಲೇ ಇತ್ತು. ಒಂದು ಗುಡ್ಡ ಹತ್ತಿ ಇಳಿಯಿತು, ಒಂದು ಬೇಲಿ ಹಾರಿತು. ಪರದೆ ಅದರೊಂದಿಗೆ ಸ್ವಲ್ಪ ದೂರ ಸರಿಯಿತು. ಹಸಿರು ಗೊಂಬೆ ಎಡ ಅಂಚಿಗೆ ಬಂದು ತಾಗಿದಾಗ ಪರದೆಯೂ ನಿಂತುಬಿಟ್ಟಿತು.

"ಬನ್ನಿ" ಅಂದಳು ಅವಳು, ಟಿವಿಯಿಂದ ಕಣ್ಣು ತೆಗೆಯದೆ.

ಅವನು ಕಡ್ಡಿ ಮುಟ್ಟಲಿಲ್ಲ. ಮುಂದೇನಾಗುತ್ತದೆ ಎಂಬುದಷ್ಟೇ ಅವನಿಗೆ ಬೇಕಾಗಿತ್ತು. ಆಟ ತಾನಾಗಿ ಇವನನ್ನು ಎತ್ತಿಕೊಂಡು ಹೋಗುತ್ತದೆಯೋ, ಇಲ್ಲಾ ಅವಳನ್ನೇ ಹಿಂದಕ್ಕೆ ತರುತ್ತದೆಯೋ? ಏನಾದರೂ ಒಂದು ನಿಯಮ ಇರಲೇಬೇಕು.

"ರೀ, ನಿಮ್ಮದು ಕೆಟ್ಟೋಯ್ತಾ?"

"ಇಲ್ಲ. ನೋಡ್ತಿದ್ದೀನಿ."

"ಏನ್ನ?"

ಅವನ ಕಣ್ಣು ಎಡ ಅಂಚಿನ ಹಸಿರು ಗೊಂಬೆಯ ಮೇಲಿತ್ತು. ಭುಜಕ್ಕೆ ತಾಗಿದ್ದ ಭುಜ ಅಲ್ಲೇ ಇತ್ತು. ಆದರೆ ಅದು ಅಲ್ಲಾಡುವುದು ನಿಂತಿತ್ತು. ಅವಳ ಹೆಬ್ಬೆರಳು ಮಾತ್ರ ಕಡ್ಡಿಯನ್ನು ಒತ್ತಿಕೊಂಡೇ ಇತ್ತು, ಉಗುರಿನ ತುದಿ ಬಿಳಿಚಿಕೊಂಡಿತ್ತು.

ಟಿವಿಯಲ್ಲಿ ಮೋಡಗಳು ಸಾಗುತ್ತಿದ್ದವು. ಎಡಗಡೆಯ ಕೊನೆಯಲ್ಲಿ ಹಸಿರು ಗೊಂಬೆ, ಬಹಳ ಹೊತ್ತು ಸುಮ್ಮನೆ ನಿಂತದ್ದರಿಂದಲೋ ಏನೋ, ಸೊಂಟದ ಮೇಲೆ ಕೈಯಿಟ್ಟುಕೊಂಡು ಅತ್ತ ಇತ್ತ ನೋಡತೊಡಗಿತು. ನಡುವೆ ಬಯಲು. ಬಲಗಡೆಯ ಕೊನೆಯಲ್ಲಿ, ಮುಂದಕ್ಕೆ ಜಾಗವಿಲ್ಲದ ಕಡೆ, ಕೆಂಪು ಗೊಂಬೆ ಗಾಜಿಗೆ ಮುಖವಿಟ್ಟಂತೆ ಅಂಚಿಗೆ ಒತ್ತಿಕೊಂಡು, ನಿಂತಲ್ಲೇ, ಕಾಲುಗಳನ್ನು ಟಪಟಪ ಎತ್ತಿ ಹಾಕುತ್ತ ಓಡುತ್ತಲೇ ಇತ್ತು.